ಹಿಂದಿನ ಸೀಟಿನ ಎರಡು ಬಳೆಗಳು

"ಆ ಬಳೆ ಎರಡನ್ನೂ ಕಿತ್ತು ಹಾಕಬಾರ್ದೇನಣ್ಣ?"

ನಿರ್ಮಲಮ್ಮ ಚಹಾದ ಲೋಟವನ್ನು ಬಾನೆಟ್ಟಿನ ಮೇಲಿಡಲು ಹೋದವಳು, ಹೊಸ ಬಣ್ಣದ ನೆನಪಾಗಿ ಕೈಯಲ್ಲೇ ಹಿಡಿದು ನಿಂತಳು. ವೀರಬಸಪ್ಪನವರು ಗಾಡಿಯೊಳಗೆ ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಕಿಟಕಿಗಳ ನಡುವಿನ ಕಂಬಕ್ಕೆ ಬೆಸೆದಿದ್ದ ಕಬ್ಬಿಣದ ಬಳೆಯೊಂದನ್ನು ಉಪ್ಪುಕಾಗದದಿಂದ ತಿಕ್ಕುತ್ತಿದ್ದರು. ಅಂಥದೇ ಇನ್ನೊಂದು ಬಳೆ ಎದುರಿನ ಕಂಬದಲ್ಲಿ, ಆಗಲೇ ತಿಕ್ಕಿಸಿಕೊಂಡು, ಬೆಳ್ಳಿಯ ಕಡಗದಂತೆ ಹೊಳೆಯುತ್ತಿತ್ತು.

"ಕೀಳೋದಿದ್ರೆ ಇಷ್ಟು ಹೊತ್ತು ತಿಕ್ತಿದ್ನೇನು?"

"ಮತ್ತೆ ಯಾಕೆ?"

"ಸಾಕ್ಷಿ ಇರ್ಲಿ ಅಂತ."

ಯಾರೆದುರಿಗೆ, ಯಾತಕ್ಕೆ ಎಂದು ನಿರ್ಮಲಮ್ಮ ಕೇಳಲಿಲ್ಲ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದು ನೆಲೆಸಿದ್ದ ಅವಳಿಗೆ ಅಣ್ಣನ ಮೌನದ ಬಗೆಗಳೆಲ್ಲ ತಿಳಿದಿದ್ದವು. ಲೋಟವನ್ನು ಕಿಟಕಿಯೊಳಗಿಂದ ಅವರ ಕೈಗಿತ್ತು, ಸೆರಗಿನ ತುದಿಯಿಂದ ಗಾಜಿನ ಮೇಲಿದ್ದ ತನ್ನದೇ ಬೆರಳ ಗುರುತನ್ನು ಒರೆಸಿ ಒಳಗೆ ಹೋದಳು.

ಅದು ಡಿಕ್ಕಿಯ ಬದಲು ಉದ್ದನೆಯ ಬೆನ್ನಿದ್ದ ಅಂಬಾಸಿಡರ್. ಎಸ್ಟೇಟ್ ಎಂದು ಅದರ ಹೆಸರು. ಶಿಕಾರಿಪುರದಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಅವರಿಬ್ಬರ ಅಪ್ಪ ಲೋಕಪ್ಪನವರು, ಮನೆಮಂದಿಯೆಲ್ಲ ಒಟ್ಟಿಗೆ ಕೂರಬೇಕು, ಹಿಂದೆ ನಾಲ್ಕು ಮೂಟೆಯೂ ಹಿಡಿಸಬೇಕು ಎಂದು ಹಟತೊಟ್ಟು ತರಿಸಿದ್ದ ಗಾಡಿ. ಮನೆಮಂದಿಗಿಂತ, ಮೂಟೆಗಳಿಗಿಂತ ಅದು ಹೆಚ್ಚಾಗಿ ಹೊತ್ತದ್ದು ಮಾತ್ರ ಹೆಣಗಳನ್ನು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಊರಿಗೆ ತರಲು ಆ ಕಾಲದಲ್ಲಿ ಲಾರಿಯವರು ಒಪ್ಪುತ್ತಿರಲಿಲ್ಲ. ಬಸ್ಸಿನವರ ಮಾತಂತೂ ಬೇಡ. ಸುದ್ದಿ ಬಂದರೆ ಸಾಕು, ಲೋಕಪ್ಪನವರು ಉಣ್ಣುತ್ತಿದ್ದ ತಟ್ಟೆಯಲ್ಲೇ ಕೈತೊಳೆದು ಎದ್ದುಬಿಡುತ್ತಿದ್ದರು. ಜಾತಿ ಕೇಳಿದವರಲ್ಲ, ಪೆಟ್ರೋಲಿಗೆಂದು ಕೈಚಾಚಿದವರೂ ಅಲ್ಲ.

ಲಿಂಗವಂತರ ಮನೆಯ ಹೆಣವಾದರೆ ಇನ್ನೊಂದು ತೊಡಕಿತ್ತು. ಮಣ್ಣು ಮಾಡುವಾಗ ದೇಹವನ್ನು ಪದ್ಮಾಸನದಲ್ಲಿ ಕೂರಿಸಬೇಕು. ಮಲಗಿಸಿಕೊಂಡು ತಂದರೆ ದಾರಿಯಲ್ಲೇ ಸೆಟೆದು, ಆಮೇಲೆ ಕಾಲು ಮಡಿಸುವುದಕ್ಕೆ ಮನೆಯವರು ಪಡಬಾರದ ಪಾಡು ಪಡಬೇಕು. ಅದನ್ನು ಒಮ್ಮೆ ಕಣ್ಣಾರೆ ಕಂಡ ಲೋಕಪ್ಪನವರು ಗಿರಣಿಯ ಬೆಸುಗೆಯವನನ್ನು ಕರೆಸಿ, ಹಿಂದಿನ ಸೀಟಿನ ಎರಡೂ ಬದಿಯ ಕಂಬಗಳಿಗೆ ಒಂದೊಂದು ಬಳೆ ಹಾಕಿಸಿದರು. ಅಂದಿನಿಂದ ಸತ್ತವರು ಅವರ ಗಾಡಿಯಲ್ಲಿ ಮಲಗಿ ಬರಲಿಲ್ಲ. ಕಾಲು ಮಡಿಸಿ, ಬಿಳಿಯ ಪಂಚೆಯಿಂದ ಆ ಬಳೆಗಳಿಗೆ ಕಟ್ಟಿಸಿಕೊಂಡು, ಬದುಕಿದ್ದವರಂತೆ ಕೂತೇ ಊರು ಸೇರಿದರು. ಮನೆಯಲ್ಲಿ ಲೋಕಪ್ಪನವರದು ಒಂದೇ ಕಟ್ಟಳೆ: "ನಾವು ಹೊತ್ತಿದ್ದನ್ನ ನಾವು ಬಾಯಾಗೆ ತರಬಾರ್ದು. ಆ ಮನೆಯೋರಿಗೆ ಎದುರಾದಾಗ ನೆನಪು ಮಾಡಿಕೊಡಬಾರ್ದು."

ಕುಪ್ಪಗಡ್ಡೆಯ ತೋಟಪ್ಪನ ಅಪ್ಪನೂ ಹಾಗೆಯೇ ಬಂದದ್ದು. ಉರಿಬಿಸಿಲಿನ ಒಂದು ಮಧ್ಯಾಹ್ನ. ಲೋಕಪ್ಪನವರು ಗಾಡಿ ಓಡಿಸುತ್ತಿದ್ದರು. ಆಗಿನ್ನೂ ಮೀಸೆ ಮೂಡುತ್ತಿದ್ದ ವೀರಬಸಪ್ಪ ಪಕ್ಕದಲ್ಲಿದ್ದರು. ಹಿಂದೆ ತೋಟಪ್ಪ ಒಂದು ಕೈಯಿಂದ ಅಪ್ಪನ ಹೆಗಲನ್ನು ತಬ್ಬಿ, ಇನ್ನೊಂದು ಕೈಯನ್ನು ಬಳೆಗೆ ತೂರಿಸಿ, ಶಿವಮೊಗ್ಗದಿಂದ ಕುಪ್ಪಗಡ್ಡೆಯವರೆಗೂ ಮುಷ್ಟಿ ಸಡಿಲಿಸದೆ ಕೂತಿದ್ದ. ಕನ್ನಡಿಯಲ್ಲಿ ಆ ಬಿಳಿಚಿದ ಗೆಣ್ಣುಗಳು ಕಾಣುತ್ತಿದ್ದವು. ಊರು ಸೇರಿದ ಮೇಲೆ ಲೋಕಪ್ಪನವರ ಕಾಲು ಹಿಡಿದು ಅತ್ತಿದ್ದ.

ಅದೇ ತೋಟಪ್ಪ, ಕೆಲವು ವರ್ಷಗಳ ತರುವಾಯ ನಿರ್ಮಲೆಯ ಮದುವೆಗೆ ಬೀಗರ ಕಡೆಯ ಹಿರಿಯನಾಗಿ, ಜರಿಯ ರುಮಾಲು ಸುತ್ತಿಕೊಂಡು ಬಂದ. ಮಗಳನ್ನು ಕಳಿಸಿಕೊಡಲು ಲೋಕಪ್ಪನವರು ಗಾಡಿಗೆ ಬಾಳೆಕಂದು ಕಟ್ಟಿ, ಸೇವಂತಿಗೆಯ ಸರ ಬಿಟ್ಟು ನಿಲ್ಲಿಸಿದ್ದರು. ಮದುಮಗಳು ಒಂದು ಕಾಲು ಒಳಗಿಟ್ಟಿದ್ದಳು. ಆಗ ತೋಟಪ್ಪ ನಡುವೆ ಬಂದು ನಿಂತ.

"ಲೋಕಪ್ನೋರೆ, ನಿಮ್ಮ ಹೆಣದ ಗಾಡೀಲಿ ಹೆಣ್ಣು ಕರ್ಕೊಂಡು ಹೋದ್ರೆ ನಮ್ಮ ಕಡೆ ಆರತಿ ಎತ್ತೋರು ಯಾರ್ರೀ? ಅಳೋರನ್ನ ಹೇಳಿ ಕಳಿಸ್ಬೇಕಾಗ್ತದೆ!"

ದಿಬ್ಬಣವೆಲ್ಲ ಗೊಳ್ಳೆಂದು ನಕ್ಕಿತು. ಉಂಡ ಮನೆಯ ಜಂತೆ ಎಣಿಸುವವರನ್ನು ವೀರಬಸಪ್ಪ ಕಂಡಿದ್ದರು. ಅಪ್ಪನ ಹೆಣ ತಂದುಕೊಟ್ಟ ಗಾಡಿಯನ್ನೇ ಹೀಗೆ ಹಳಿಯುವವನನ್ನು ಕಂಡಿರಲಿಲ್ಲ. "ನಿಮ್ಮಪ್ಪನೂ..." ಎಂದು ಬಾಯಿ ತೆರೆದರು. ಲೋಕಪ್ಪನವರು ಮಗನ ಮಣಿಕಟ್ಟನ್ನು ನೋಯುವಂತೆ ಹಿಡಿದು ತಲೆಯಲ್ಲಾಡಿಸಿದರು. ಆಮೇಲೆ ತಾವೇ ಬಾಳೆಕಂದುಗಳನ್ನು ಬಿಚ್ಚಿದರು. ನಿರ್ಮಲೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಬಳುವಳಿಯ ಪಾತ್ರೆ-ಹಾಸಿಗೆಗಳ ನಡುವೆ, ಹಂಡೆಯೊಂದನ್ನು ತಬ್ಬಿಕೊಂಡು ಗಂಡನ ಮನೆಗೆ ಹೋದಳು. ಲೋಕಪ್ಪನವರು ಗಾಡಿಯನ್ನು ಗಿರಣಿಯ ಹಿಂದಿನ ಕೊಟ್ಟಿಗೆಗೆ ತಂದು, ಗಾಲಿ ಕಳಚಿ, ಕಲ್ಲಿನ ಮೇಲೆ ಕೂರಿಸಿದರು. ಸಾಯುವವರೆಗೂ ಅದರ ಬಾಗಿಲು ತೆರೆಯಲಿಲ್ಲ.

ಆಡದೆ ಉಳಿದ ಆ ಅರ್ಧ ಮಾತು ವೀರಬಸಪ್ಪನವರಲ್ಲಿ ಕಾಲಿಗೆ ಮುರಿದ ಜಾಲಿಮುಳ್ಳಿನಂತೆ ಉಳಿದುಬಿಟ್ಟಿತು. ಅಪ್ಪ ಹೋದ ಮೇಲೆ ಪ್ರತಿ ಆಯುಧಪೂಜೆಗೆ ಕೊಟ್ಟಿಗೆಗೆ ಹೋಗಿ, ಪ್ಲಗ್ಗಿನ ತೂತುಗಳಿಗೆ ಎಣ್ಣೆ ಬಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ನನ್ನು ನಾಲ್ಕು ಸುತ್ತು ತಿರುಗಿಸುತ್ತಿದ್ದರು. ಯಾಕೆಂದು ಯಾರಾದರೂ ಕೇಳಿದರೆ "ಜಾಮ್ ಆಗಬಾರ್ದು" ಎನ್ನುತ್ತಿದ್ದರು. ಎಂಜಿನ್ನಿನ ವಿಚಾರವಾಗಿಯೇ ಹೇಳುತ್ತಿದ್ದಾರೆಂದು ಕೇಳಿದವರು ತಿಳಿಯುತ್ತಿದ್ದರು.

ಈ ಸಲದ ಯುಗಾದಿಯ ಮರುವಾರ ಸೊರಬದ ಫೋಟೋ ಸ್ಟುಡಿಯೋದ ಚನ್ನೇಶ್ ಎಂಬವನು, ಶಿರಾಳಕೊಪ್ಪದ ಟೈರ್ ಅಂಗಡಿಯಲ್ಲಿ ವಿಚಾರಿಸಿಕೊಂಡು, ಗಿರಣಿ ಹುಡುಕುತ್ತ ಬಂದ. ಕೊಟ್ಟಿಗೆಯ ಬಾಗಿಲು ತೆರೆದಾಗ ಎರಡೂ ಕೈಯನ್ನು ತಲೆಯ ಮೇಲೆ ಹೊತ್ತು ನಿಂತ.

"ಎಂಥ ಗಾಡಿ ಮಾರಾಯ್ರೆ! ಇದನ್ನ ಹೆಗ್ಗಣಕ್ಕೆ ಬಾಡಿಗೆ ಕೊಟ್ಟೀರಾ? ಈಗ ಮದುವೆಗೆ ಎಲ್ರಿಗೂ ಇಂಥದೇ ಬೇಕು. ಹೊಸ ಕಾರು ಯಾರ ಮನೇಲಿಲ್ಲ ಹೇಳಿ? ಹಳೇದಾದಷ್ಟೂ ಸ್ಟೈಲು."

"ಯಾರ ಮದುವೆಗೆ?"

"ಕುಪ್ಪಗಡ್ಡೆ ತೋಟಪ್ಪನೋರ ಮೊಮ್ಮಗಳದ್ದು ರೀ, ಗಂಗಾಶ್ರೀ ಅಂತ. ಕಾರ್ತಿಕದಲ್ಲಿ ಮದುವೆ. ಮಂಟಪಕ್ಕೆ ವಿಂಟೇಜ್ ಗಾಡೀಲೇ ಬರೋದು ಅಂತ ಕೂತ್ಬಿಟ್ಟಿದಾಳೆ. ನಾನೆಲ್ಲಿಂದ ಹುಟ್ಟಿಸ್ಲಿ?"

ವೀರಬಸಪ್ಪನವರು ಗಾಡಿಯ ಧೂಳಿನ ಮೇಲೆ ಕೈಯಿಟ್ಟರು. "ಇದ್ದಾನೇನು ತೋಟಪ್ಪ?"

"ಎಲ್ಲಿಗೆ ಹೋಗ್ತಾರೆ? ಎಂಬತ್ತು ದಾಟ್ತು. ಕಣ್ಣು ಮಂಜು, ನಾಲಿಗೆ ಮಾತ್ರ ಈಗ್ಲೂ ಸಾಣೆ ಹಿಡಿದಿಟ್ಟಂಗೆ."

"ಕಾರ್ತಿಕಕ್ಕೆ ಗಾಡಿ ಬರ್ತದೆ ಅಂತ ಹೇಳು. ಬಾಡಿಗೆ ಬ್ಯಾಡ. ನನ್ನ ಹೆಸರೂ ಅಲ್ಲಿ ಹೇಳ್ಬ್ಯಾಡ. ಓಡಿಸೋನು ಮಾತ್ರ ನಾನೇ."

"ಬಾಡಿಗೇನೂ ಬ್ಯಾಡ್ವಾ? ಪುಣ್ಯಾತ್ಮರು ಬಿಡಿ ನೀವು!" ಎಂದು ಚನ್ನೇಶ್ ಕೈಮುಗಿದ.

ಅಂದಿನಿಂದ ಅವರ ಬಾಳಿಗೆ ಒಂದು ಗುರಿ ಬಂತು. ಹೆಗ್ಗಣದ ಗೂಡುಗಳನ್ನು ಬಾಚಿ ತೆಗೆದರು. ಪೆಟ್ರೋಲ್ ಟ್ಯಾಂಕನ್ನು ಇಳಿಸಿ, ಒಳಗೆ ಸಣ್ಣ ಜಲ್ಲಿಯನ್ನೂ ಸೀಮೆಎಣ್ಣೆಯನ್ನೂ ತುಂಬಿ, ಮಗುವನ್ನು ತೂಗುವಂತೆ ಅತ್ತಿತ್ತ ತೂಗಿ, ಒಳಗಿನ ತುಕ್ಕೆಲ್ಲ ಕೆಂಪು ರಾಡಿಯಾಗಿ ಹರಿದುಹೋಗುವವರೆಗೆ ಬಿಡಲಿಲ್ಲ. ಕಾರ್ಬೊರೇಟರನ್ನು ಅಡುಗೆಮನೆಯ ಪಾತ್ರೆಯಲ್ಲಿ ಕುದಿಸಿ ನಿರ್ಮಲಮ್ಮನಿಂದ ಬೈಸಿಕೊಂಡರು. ತುಂಡಾಗಿದ್ದ ಕಮಾನು ಪಟ್ಟಿಗಳನ್ನು ಬದಲಿಸಿದರು. ಬ್ರೇಕಿನ ರಬ್ಬರುಗಳಿಗಾಗಿ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ಅಲೆದರು. ಸೀಟುಗಳಿಗೆ ಕೆಂಪು ರೆಕ್ಸಿನ್ ಬಂತು. ಕಪ್ಪಗಿದ್ದ ಮೈಗೆ ಹಾಲಿನ ಕೆನೆಯ ಬಣ್ಣ ಬಂತು. ಗೊತ್ತಿದ್ದವರಿಗೂ ಥಟ್ಟನೆ ಗುರುತು ಸಿಗಬಾರದಲ್ಲ!

ಒಂದೊಂದು ತಿರುಪನ್ನು ಬಿಗಿಸುವಾಗಲೂ ಅವರ ತುಟಿ ಅಲುಗುತ್ತಿತ್ತು. ಮಂಟಪದ ಬಾಗಿಲಿನಲ್ಲಿ, ಗಂಡಿನ ಕಡೆಯವರು ಆರತಿ ಹಿಡಿದು ನಿಂತಿರುವಾಗ ಆಡಬೇಕಾದ ಮಾತು ಅದು. 'ಬೀಗರೇ, ಈ ಗಾಡಿ ಏನೇನು ಹೊತ್ತೈತೆ ಅಂತ ನಿಮ್ಮ ತೋಟಪ್ಪನೋರನ್ನ ಕೇಳ್ರಿ. ಅವರಪ್ಪ ಕೂತಿದ್ದ ಜಾಗದಾಗೇ ಮದುಮಗಳು ಕೂತಾಳೆ.' ಒಂದು ಶಬ್ದ ಹೆಚ್ಚಾಯಿತೆಂದು ಅದನ್ನು ತೆಗೆಯುವರು. ಇನ್ನೊಂದು ಮೊಂಡಾಯಿತೆಂದು ಮಸೆಯುವರು. ಗಾಡಿಯೂ ಮಾತೂ ಒಟ್ಟಿಗೇ ಸಿದ್ಧವಾದವು.

ಮದುವೆಯ ಹಿಂದಿನ ಸಂಜೆ ನಿರ್ಮಲಮ್ಮ ಇಸ್ತ್ರಿ ಮಾಡಿದ ಸೀರೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದಳು.

"ನಾಳೆ ನಾನೂ ಬರ್ತೀನಿ."

"ನಿನಗ್ಯಾಕೆ ಆ ಉಸಾಬರಿ?"

"ನನ್ನ ಹೆಸರಲ್ಲೇ ಅಲ್ಲೇನು ಇಷ್ಟೆಲ್ಲ ನಡೆದಿರೋದು? ನಾನಿಲ್ದಿದ್ರೆ ಹೆಂಗೆ?" ಅವಳು ಸೀರೆಯ ಮಡಿಕೆಯನ್ನು ಉಗುರಿನಿಂದ ತೀಡಿದಳು. "ನೀನು ಅಲ್ಲಿ ಬಾಯಿ ಬಿಟ್ಟ ಮೇಲೆ, ಬೀಗರು ಆ ಹುಡುಗೀನ ತಿರುಗಿಸಿ ಕಳಿಸಿದ್ರೆ?"

"ಕಳಿಸ್ಲಿ. ಗೊತ್ತಾಗ್ಲಿ ಅವನಿಗೆ."

"ಹಂಗಾದ್ರೆ ಒಂದು ಟ್ರ್ಯಾಕ್ಟರ್ ಹೇಳಿಟ್ಟಿರು."

ಅವಳು ನಗಲಿಲ್ಲ, ಅಣ್ಣನ ಮುಖವನ್ನೂ ನೋಡಲಿಲ್ಲ. ವೀರಬಸಪ್ಪನವರು ಎದ್ದುಹೋಗಿ, ಆಗಲೇ ಎರಡು ಸಲ ನೋಡಿದ್ದ ರೇಡಿಯೇಟರಿನ ನೀರನ್ನು ಮತ್ತೆ ನೋಡಿದರು.

ಬೆಳಿಗ್ಗೆ ಗಾಡಿ ಒಂದೇ ಬಾರಿಗೆ ಚಾಲೂ ಆಯಿತು. ಶಿರಾಳಕೊಪ್ಪ ದಾಟಿದ ಮೇಲೆ ರಸ್ತೆಯ ಅಂಚಿನುದ್ದಕ್ಕೂ ಮೆಕ್ಕೆಜೋಳ ಹರವಿದ್ದರು. ಕಾಳು ಕಾಯುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ನಿರ್ಮಲಮ್ಮ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಕೈಕಟ್ಟಿ, ದೇವರ ಮೆರವಣಿಗೆಯಲ್ಲಿ ಕುಳಿತವಳ ಹಾಗೆ ನೇರವಾಗಿ ಕೂತಿದ್ದಳು. "ಅಪ್ಪ ಗೇರ್ ಹಾಕುವಾಗ್ಲೂ ಹಿಂಗೇ ಕುಂಯ್ ಅಂತಿತ್ತು" ಎಂದಳು ಒಮ್ಮೆ, ಅಷ್ಟೇ.

ಕುಪ್ಪಗಡ್ಡೆಯ ಮನೆಯ ಮುಂದೆ ಚನ್ನೇಶ್ ಹೂವಿನವರೊಂದಿಗೆ ಕಾದಿದ್ದ. ಒಳಗೆ ಬಗ್ಗಿ ನೋಡಿದವನೇ ಕೂಗಿದ: "ಓಹೋ, ಇಲ್ಲಿ ಬಳೆ ಇದಾವಲ್ರೀ! ಮಲ್ಲಿಗೆ ಸರ ಕಟ್ಟೋಕೆ ಹೇಳಿ ಮಾಡ್ಸಿದಂಗಿದೆ. ಆಗಿನೋರು ಎಷ್ಟು ಮುಂದಾಲೋಚನೆ ಮಾಡ್ತಿದ್ರು ನೋಡಿ!" ಎರಡು ಬಳೆಗಳಿಂದಲೂ ಹೂವು ಇಳಿಬಿತ್ತು.

ಗಂಗಾಶ್ರೀ ಹಸಿರು ಸೀರೆಯಲ್ಲಿ ಸರಸರನೆ ಬಂದು, ಹಾರಿಬಂದ ಹಕ್ಕಿಯ ಹಾಗೆ ಒಳಗೆ ಕೂತಳು. "ಅಂಕಲ್, ಗಾಡಿ ಎಷ್ಟು ಚೆಂದ ಇದೆ! ಇದ್ರಲ್ಲಿ ಯಾರ್ಯಾರು ಕೂತಿದ್ರೋ ಏನೋ ಅಲ್ವಾ?"

"ಬಹಳ ಮಂದಿ ಕೂತಾರೆ, ತಾಯಿ," ಎಂದರು ವೀರಬಸಪ್ಪನವರು. "ಒಬ್ಬರೂ ದೂರು ಹೇಳಿಲ್ಲ."

ನಿರ್ಮಲಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮದುಮಗಳನ್ನು ಮಂಟಪಕ್ಕೆ ಇಳಿಸಿಕೊಡುವ ಹಿರಿಯನೆಂದು ತೋಟಪ್ಪನನ್ನು ಇಬ್ಬರು ಹಿಡಿದು ತಂದರು. ಅದೇ ಜರಿಯ ರುಮಾಲು. ಕೆಳಗಿನ ಮುಖ ಮಾತ್ರ ಒಣಗಿದ ಬೆಲ್ಲದ ಅಚ್ಚಿನಂತಾಗಿತ್ತು. ಹೆಗ್ಗಳಿಕೆ ಹಾಗೇ ಇತ್ತು. "ನಮ್ಮನೆ ಹುಡುಗಿ ಅಂದ್ರೆ ಹಿಂಗೇ ಹೋಗ್ಬೇಕು ಕಣ್ರೋ! ಎಲ್ಲಿ, ಸರಿ ಆಚೆ. ಏ ಡ್ರೈವರ್, ನಿಧಾನ ಹೊಡಿಯಪ್ಪ, ಊರೆಲ್ಲ ನೋಡ್ಲಿ." ಕೂತವನು ಹಳೆಯ ರೂಢಿಯಂತೆ ಚಪ್ಪಲಿ ಬಿಟ್ಟು, ಕಾಲೆರಡನ್ನೂ ಸೀಟಿನ ಮೇಲೆ ಮಡಿಸಿಕೊಂಡ. ವೀರಬಸಪ್ಪನವರು ಕನ್ನಡಿಯನ್ನು ಸ್ವಲ್ಪ ತಿರುಗಿಸಿ ಸರಿಮಾಡಿಕೊಂಡರು.

ಊರು ದಾಟಿ ಸೊರಬದ ರಸ್ತೆ ಹಿಡಿದ ಮೇಲೆ ಒಂದು ಉಬ್ಬು ಬಂತು. ಗಾಡಿ ಎದ್ದು ಕುಕ್ಕರಿಸಿತು. ತೋಟಪ್ಪನ ಕೈ ಆಸರೆಗಾಗಿ ಗಾಳಿಯಲ್ಲಿ ತಡಕಾಡಿ, ಮಲ್ಲಿಗೆಯ ನಡುವೆ ನುಗ್ಗಿ, ಬಳೆಯನ್ನು ಹಿಡಿಯಿತು.

"ನಮ್ಮ ಕಾಲದಾಗೆ..." ಎಂದು ಆತ ಏನನ್ನೋ ಹೇಳುತ್ತಿದ್ದ. ಮಾತು ನಿಂತಿತು.

ಕನ್ನಡಿಯಲ್ಲಿ ಆ ಬೆರಳುಗಳು ಬಳೆಯನ್ನು ಒಮ್ಮೆ ಸುತ್ತಿ ಬಂದವು. ಹೂವನ್ನು ಸರಿಸಿ ಮತ್ತೊಮ್ಮೆ ಸುತ್ತಿದವು. ಬಳೆಯ ಬುಡದಲ್ಲಿ ಬೆಸುಗೆಯವನು ಒರಟಾಗಿ ಬಿಟ್ಟಿದ್ದ ಕಬ್ಬಿಣದ ಗಂಟೊಂದಿತ್ತು. ಎಷ್ಟು ತಿಕ್ಕಿದರೂ ಅದು ಹೋಗಿರಲಿಲ್ಲ. ಹೆಬ್ಬೆರಳು ಆ ಗಂಟಿನ ಮೇಲೆ ಬಂದು ನಿಂತಿತು. ಮಂಜುಗಣ್ಣು ಮೆಲ್ಲಗೆ ಕೆಳಗಿಳಿದು ತನ್ನ ಮಡಿಸಿದ ಕಾಲುಗಳನ್ನು ನೋಡಿತು. ಆಮೇಲೆ ಬೆರಳೆಲ್ಲ ಬಿಗಿದವು. ಗೆಣ್ಣುಗಳು ಬಿಳಿಚಿದವು.

ವೀರಬಸಪ್ಪನವರು ಆ ಗೆಣ್ಣುಗಳನ್ನು ಬಲ್ಲರು.

"ಡ್ರೈವರ್," ಎಂದಿತು ತೋಟಪ್ಪನ ಧ್ವನಿ. "ಈ ಗಾಡಿ ಯಾರದಪ್ಪ?"

"ಲೋಕಪ್ನೋರದು. ಶಿಕಾರಿಪುರದ ಅಕ್ಕಿ ಗಿರಣಿ ಲೋಕಪ್ನೋರದು. ನಾನು ಅವರ ಮಗ." ಗಾಡಿಯ ವೇಗ ತಗ್ಗಿತು. "ನಿಲ್ಲಿಸ್ಲೇನ್ರಿ? ಇಳೀತೀರಾ?"

"ಯಾಕೆ ಇಳೀಬೇಕು?" ಎಂದಳು ಗಂಗಾಶ್ರೀ. "ಅಜ್ಜ? ಏನಾತು? ಬೆವರ್ತಾ ಇದೀಯಲ್ಲ!"

ಇಳಿದರೆ ಯಾಕೆಂದು ಹೇಳಬೇಕು. ಹೇಳಿದರೆ ಮದುಮಗಳೂ ಇಳಿಯಬೇಕು. ಹಿಂದೆ ಬರುತ್ತಿದ್ದ ಕಾರುಗಳೆಲ್ಲ ನಿಲ್ಲಬೇಕು. ಸೊರಬದಲ್ಲಿ ಕಾದಿರುವವರಿಗೆ ಆ ಮಾತು ಗಾಡಿಗಿಂತ ಮೊದಲೇ ತಲುಪಬೇಕು. ಮುದುಕ ಇದೆಲ್ಲವನ್ನೂ ತಿರುವಿ ನೋಡುವುದು ಕನ್ನಡಿಯಲ್ಲಿ ಕಾಣುತ್ತಿತ್ತು.

"ಏನಿಲ್ಲ ಮಗಾ. ಸೆಕೆ. ನಡೀಲಿ... ಗಾಡಿ ನಡೀಲಿ."

ಸ್ವಲ್ಪ ದೂರ ಹೋದ ಮೇಲೆ ಆತ ಮುಂದಕ್ಕೆ ಬಾಗಿದ. ಕೈ ಮಾತ್ರ ಬಳೆಯಲ್ಲೇ ಇತ್ತು. ಸಾಣೆ ಹಿಡಿದ ನಾಲಿಗೆ ತೊದಲಿತು. "ಮಂಟಪದ ಹತ್ರ... ಏನಾದ್ರೂ ಹೇಳೋದಿದೆಯೇನ್ರೀ ತಾವು?"

ಊರು ಬಿಡುವಾಗ 'ಏ ಡ್ರೈವರ್' ಎಂದಿದ್ದವನ ಬಾಯಲ್ಲಿ ಈಗ 'ತಾವು' ಬಂದಿತ್ತು. ವೀರಬಸಪ್ಪನವರು ಗೇರ್ ಬದಲಿಸಿದರು. ಸೊರಬದ ಪೇಟೆಯಲ್ಲಿ, ಆತನೇ ಬಯಸಿದ್ದಂತೆ, ನಿಧಾನವಾಗಿ, ಊರೆಲ್ಲ ನೋಡುವ ಹಾಗೆ ಓಡಿಸಿದರು. ಇಕ್ಕೆಲದಲ್ಲೂ ಜನ ಮೊಬೈಲು ಎತ್ತಿ ಹಿಡಿದರು. ಯಾರೋ ಕೈಮುಗಿದರು. ತೋಟಪ್ಪ ಯಾರಿಗೂ ತಿರುಗಿ ಮುಗಿಯಲಿಲ್ಲ.

ಮಂಟಪದ ಮುಂದೆ ವಾಲಗ ಏರಿತು. ಆರತಿಯ ತಟ್ಟೆ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ಅವರ ಹಿಂದೆ ಬೀಗರು, ಹೆಗಲ ಮೇಲೆ ಶಲ್ಯ. ವೀರಬಸಪ್ಪನವರು ಇಳಿದು, ಗಾಡಿಯನ್ನು ಬಳಸಿ ಬಂದು, ಹಿಂದಿನ ಬಾಗಿಲು ತೆರೆದರು. ಗಂಗಾಶ್ರೀ ನಗುತ್ತ ಇಳಿದಳು. ಎಲ್ಲರ ಕಣ್ಣು ಬಾಗಿಲಿನ ಮೇಲಿತ್ತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಉಗುಳುವುದೊಂದೇ ಬಾಕಿ. ತೋಟಪ್ಪ ತಲೆಯೆತ್ತಿ ಅವರ ಬಾಯಿಯನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ನಿರ್ಮಲಮ್ಮ ಮುಂದಿನಿಂದ ಇಳಿದು ಬಂದು, ಅಣ್ಣನನ್ನು ಮೊಣಕೈಯಿಂದ ಸರಿಸಿ, ಬಾಗಿಲಿಗೆ ಬಾಗಿದಳು.

"ನಾನು ನಿರ್ಮಲ. ಟ್ರ್ಯಾಕ್ಟರಿನಾಗೆ ಬಂದೋಳು," ಎಂದಳು, ಅಣ್ಣನಿಗೂ ತೋಟಪ್ಪನಿಗೂ ಅಷ್ಟೇ ಕೇಳುವಂತೆ. "ಬಳೆ ಬಿಡ್ರಿ ಈಗ. ಕೈ ಕೊಡ್ರಿ. ಹೊರಗೆ ಆರತಿ ಎತ್ತೋರು ಕಾಯ್ತಾ ಇದ್ದಾರೆ."

ತೋಟಪ್ಪನ ಬೆರಳುಗಳನ್ನು ಅವಳೇ ಒಂದೊಂದಾಗಿ ಬಿಡಿಸಬೇಕಾಯಿತು. ಇಳಿದು ನಿಂತ ಮುದುಕನ ತೂಕವೆಲ್ಲ ಅವಳ ತೋಳಿನ ಮೇಲಿತ್ತು. ನೋಡಿದವರು, ಯಾರೋ ನೆಂಟರ ಹೆಂಗಸು, ಎಷ್ಟು ಮುತುವರ್ಜಿಯಿಂದ ಇಳಿಸುತ್ತಿದ್ದಾಳೆ ಎಂದುಕೊಂಡರು. ಅವನನ್ನು ಮನೆಯವರ ಕೈಗೆ ಒಪ್ಪಿಸುವಾಗ ವೀರಬಸಪ್ಪನವರು ಬಾಗಿ, ಅವನ ರುಮಾಲಿನ ಸೆರಗನ್ನು ಸರಿಪಡಿಸುತ್ತ ಹೇಳಿದರು:

"ಸಂಜೆ ಹೆಣ್ಣು ಕಳಿಸೋದಕ್ಕೂ ಇದೇ ಗಾಡಿ ಅಲ್ಲೇನ್ರಿ? ಅಲ್ಲೀವರೆಗೆ ನಾವು ಎಲ್ಲೂ ಹೋಗಲ್ಲ. ಇಲ್ಲೇ ಬಾಗಿಲಾಗೇ ಇರ್ತೀವಿ."

ತೋಟಪ್ಪ ತಲೆಯಾಡಿಸಿದ. ಹೌದೆಂದೋ, ಬೇಡವೆಂದೋ ತಿಳಿಯಲಿಲ್ಲ.

ಅವರು ಗಾಡಿಯನ್ನು ಮಂಟಪದ ದೊಡ್ಡ ಬಾಗಿಲಿಗೆ ಎದುರಾಗಿ, ಬೇವಿನ ಮರದ ಕೆಳಗೆ, ಒಳಗಿನಿಂದ ಪೂರ್ತಿಯಾಗಿ ಕಾಣುವಂತೆ ನಿಲ್ಲಿಸಿದರು. ಜೇಬಿನಿಂದ ಹಳದಿ ಬಟ್ಟೆ ತೆಗೆದು, ಬಾನೆಟ್ಟಿನ ಧೂಳನ್ನು ಆತುರವಿಲ್ಲದೆ ಒರೆಸತೊಡಗಿದರು. ಚನ್ನೇಶ್ ಊಟಕ್ಕೆ ಕರೆದ. "ಆಮೇಲೆ" ಎಂದರು. ಆತ ಮತ್ತೆ ಕರೆದ. "ಹಸಿವಿಲ್ಲಪ್ಪ" ಎಂದರು, ಅದು ನಿಜವೂ ಆಗಿತ್ತು.

ನಿರ್ಮಲಮ್ಮ ಮುಂದಿನ ಸೀಟಿಗೆ ಹೋಗಲಿಲ್ಲ. ಹಿಂದಿನ ಬಾಗಿಲು ತೆಗೆದು, ಮದುಮಗಳು ಕೂತಿದ್ದ ಜಾಗದಲ್ಲಿ ಸೆರಗು ಹೊದ್ದು ಕೂತಳು.

"ಬಾಗಿಲು ಹಾಕಣ್ಣ," ಎಂದಳು.

ಅವರು ಹಾಕಿದರು. ಬಾಗಿಲು ಹಗುರಾಗಿ, ಹೊಸದರಂತೆ, ಟಪ್ಪೆಂದು ಕೂತಿತು.

ಒಳಗೆ ಗಟ್ಟಿಮೇಳ ಮೊಳಗಿತು. ಎಲ್ಲರೂ ಎದ್ದು ವೇದಿಕೆಯ ಕಡೆ ತಿರುಗಿದರು. ಮೊದಲ ಸಾಲಿನ ಕುರ್ಚಿಯಲ್ಲಿ ತೋಟಪ್ಪನೊಬ್ಬನೇ ಬಾಗಿಲಿನ ಕಡೆ ಹೊರಳಿ ಕೂತಿದ್ದ. ಯಾರೋ ಬಂದು ಅಕ್ಷತೆ ಹಿಡಿದು ನಿಂತರು. ತೊಡೆಯ ಮೇಲಿದ್ದ ಅವನ ಬಲಗೈ, ಒಳಗೆ ಇನ್ನೂ ಏನೋ ಇದ್ದಂತೆ, ದುಂಡಗೆ ಮುಚ್ಚಿಕೊಂಡೇ ಇತ್ತು. ಎರಡು ಸಲ ಕೂಗಿ ಹೇಳಿದ ಮೇಲೆ ಎಡಗೈ ಚಾಚಿದ. ಅಕ್ಕಿಕಾಳು ಬೆರಳಸಂದಿಯಿಂದ ಸೋರಿ ಕಾಲಬುಡದಲ್ಲಿ ಬೀಳುತ್ತಿತ್ತು. ಅವನು ಬೇವಿನ ಮರದ ಕಡೆ ನೋಡುತ್ತಲೇ ಇದ್ದ.